ಅಪ್ಪೀ, ಬಚ್ಚಲಿನ ಗೋಡೆ ಬೇಡ

ಅಪ್ಪೀ, ಹೆಗ್ಗೋಡಿನ ಹೊಸ ಮನೆಯ ಪಂಪು, ದೀಪಗಳನ್ನು ಫೋನಿನಿಂದಲೇ ನಡೆಸುವ ಆಟೊಮೇಷನ್ ಪೆಟ್ಟಿಗೆಯನ್ನು ಮೆಟ್ಟಿಲ ಕೆಳಗಿನ ಮರದ ಕಪಾಟಿನೊಳಗೆ ಇಡುವುದೋ ಬಚ್ಚಲಿನ ಹಿಂಗೋಡೆಗೆ ಕೂರಿಸುವುದೋ, ಸೋಮವಾರ ಗಾರೆಯವರು ಬರುವುದರೊಳಗೆ ಯಾರಾದರೂ ಹೇಳಿ ಎಂದು ನೀನು ರಾತ್ರಿ ಗ್ರೂಪಿನಲ್ಲಿ ಕೇಳಿದ್ದನ್ನು ಈಗಷ್ಟೇ ನೋಡಿದೆ. ಇಷ್ಟೆಲ್ಲ ಟೈಪ್ ಮಾಡಲು ನನ್ನಿಂದಾಗದು; ಮಾತಿನಲ್ಲೇ ಹೇಳುತ್ತೇನೆ, ನಿನ್ನ ಹೆಂಡತಿಯನ್ನೂ ಕೂರಿಸಿಕೊಂಡು ಪೂರ್ತಿ ಕೇಳು. ಬಚ್ಚಲಿನ ಗೋಡೆಗೆ ಮಾತ್ರ ಹೊಡೆಸಬೇಡ.

ನಮ್ಮ ಮನೆಯಲ್ಲಿ ಅಡಿಕೆ ನೆನೆದದ್ದು ನಿಮಗೆಲ್ಲ ಗೊತ್ತು. ಏಕೆ ನೆನೆಯಿತೆಂದು ಮಾತ್ರ ಯಾರೂ ಸರಿಯಾಗಿ ಕೇಳಿಸಿಕೊಂಡಿಲ್ಲ. ಪಂಪು, ಗೇಟು, ಜಗಲಿಯ ದೀಪಗಳನ್ನೆಲ್ಲ ಫೋನಿನಿಂದಲೇ ಹಾಕಿ ಆರಿಸುವಂತೆ ಮಾಡಿಸಿದ ವರ್ಷ, ಎಂಟು ರಿಲೇಗಳ, ಅಂದರೆ ಫೋನಿನ ಮಾತು ಕೇಳಿ ಕರೆಂಟು ಹಾಕಿ ಆರಿಸುವ ಸ್ವಿಚ್ಚುಗಳ, ಪೆಟ್ಟಿಗೆಯನ್ನು ಬಚ್ಚಲಿನ ಆಚೆ ಮಗ್ಗುಲಿನ ಗೋಡೆಗೆ ಕೂರಿಸಿದ್ದರು. ಬೇಸಿಗೆಯಿಡೀ ಒಂದು ತಕರಾರೂ ಇರಲಿಲ್ಲ. ಆಷಾಢದ ಒಂದು ರಾತ್ರಿ ಪಂಪು ತನ್ನಷ್ಟಕ್ಕೇ ಶುರುವಾಗಿ, ಟ್ಯಾಂಕು ತುಂಬಿ, ನೀರು ತಗಡಿನ ಮೇಲೆ ಸುರಿಯತೊಡಗಿತು. ನಿನ್ನ ಮಾವ ಒಮ್ಮೆ ಎಚ್ಚರಗೊಂಡು, ಮಳೆ ಜೋರಾಯಿತೆಂದುಕೊಂಡು, ಕಂಬಳಿಯನ್ನು ಇನ್ನಷ್ಟು ಎಳೆದುಕೊಂಡು ಮಲಗಿಬಿಟ್ಟರು. ಬೆಳಗಾಗುವಷ್ಟರಲ್ಲಿ, ದರ ಬರಲೆಂದು ಅಟ್ಟದಲ್ಲಿ ಇಟ್ಟಿದ್ದ ಎರಡು ಮೂಟೆ ಅಡಿಕೆ ತೊಯ್ದು ಹೋಗಿತ್ತು.

ಪೆಟ್ಟಿಗೆಯ ಮುಚ್ಚಳ ತೆಗೆದಾಗ ತಂತಿ ಸಿಕ್ಕಿಸುವ ಟರ್ಮಿನಲ್‌ಗಳಿಗೆಲ್ಲ ಹಸಿರು ಕಿಲುಬು ಹಿಡಿದಿತ್ತು, ಮೂಲೆಯಲ್ಲಿ ಹಲ್ಲಿಯ ಎರಡು ಮೊಟ್ಟೆಗಳಿದ್ದವು, ಹಿಂಬದಿಯ ತಗಡಿನ ಮೇಲೆ ನೀರು ಬೆವರಿನಂತೆ ಮೂಡಿತ್ತು. ಗೋಡೆಯ ಪಸೆಯಿಂದ ಎರಡು ಟರ್ಮಿನಲ್‌ಗಳ ನಡುವೆ ಅಷ್ಟಿಷ್ಟು ಕರೆಂಟು ಹರಿದು, ಯಾರೋ ಸ್ವಿಚ್ ಒತ್ತಿದರೆಂದೇ ತಿಳಿದು ಪೆಟ್ಟಿಗೆ ಪಂಪನ್ನು ಎಬ್ಬಿಸಿತ್ತು. ಟೈಲ್ಸ್ ಹಾಕಿದ್ದೇವೆ, ವಾಟರ್‌ಪ್ರೂಫ್ ಮಾಡಿಸಿದ್ದೇವೆ ಎಂದು ಯಾರು ಎಷ್ಟೇ ಹೇಳಲಿ, ಬಚ್ಚಲಿನ ಗೋಡೆ ಬೇಡ.

ಅಂದು ಎಲ್ಲರೂ ಬೈದದ್ದು ನನ್ನನ್ನೇ. ಜಗಲಿಯ ಒಳಗೋಡೆಗೆ ಹಾಕೋಣವೆಂದು ನಾನು ಹೇಳಿದಾಗ, "ಅಕ್ಕಾ, ಬಂದವರ ಕಣ್ಣಿಗೆ ಬಿದ್ದರೆ ಅಸಹ್ಯ" ಎಂದವನು ನಿನ್ನ ಅಪ್ಪನೇ. ಎರಡು ಮಾರು ಪೈಪು ಉಳಿಯುತ್ತದೆಂದು ವೈರಿಂಗಿನವನೂ ಅವನ ಮಾತಿಗೆ ತಾಳ ಹಾಕಿದ. ಕೊನೆಗೆ ರಿಪೇರಿಗೆ ಕರೆದರೆ, ಎಲ್ಲ ತಂತಿಯೂ ಕೆಂಪು, ಒಂದಕ್ಕೂ ಚೀಟಿಯಿಲ್ಲ, ನಕ್ಷೆಯಂತೂ ಬರೆದೇ ಇರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸಾವಿರಾರು ಜೋಡಿ ತಂತಿಗಳ ನಡುವೆ ಒಂದರ ಗುರುತು ತಪ್ಪಿದರೂ ಬೈಸಿಕೊಳ್ಳುತ್ತಿದ್ದವಳು ನಾನು. ನನ್ನ ಮನೆಯಲ್ಲೇ ಹೀಗಾಯಿತಲ್ಲ ಎಂಬ ಸಿಟ್ಟು ಇನ್ನೂ ಇಳಿದಿಲ್ಲ.

ಅಯ್ಯೋ, ನೀನು ಕೇಳಿದ್ದು ಎಲ್ಲಿ ಕೂರಿಸಬೇಕೆಂದು. ನಾನು ಎಲ್ಲಿ ಬೇಡವೆಂದಷ್ಟೇ ಹೇಳುತ್ತಿದ್ದೇನೆ. ಮರದ ಕಪಾಟೂ ಬೇಡ. ಪೆಟ್ಟಿಗೆಯೊಳಗೆ 230 ವೋಲ್ಟನ್ನು 12, 24 ವೋಲ್ಟಿಗೆ ಇಳಿಸುವ ಪವರ್ ಸಪ್ಲೈಗಳು ಹಗಲೂ ರಾತ್ರಿ ಬಿಸಿಯಾಗುತ್ತಲೇ ಇರುತ್ತವೆ, ನಾಳೆ ನಿನ್ನ ಹೆಂಡತಿ ಅದರ ಪಕ್ಕದಲ್ಲೇ ಹಳೆಯ ಕಂಬಳಿಗಳನ್ನು ತುರುಕುತ್ತಾಳೆ. ನಡುಮನೆಯಿಂದ ಕೋಣೆಗೆ ಹೋಗುವ ಓಣಿಯ ಒಣ ಗೋಡೆಯಲ್ಲಿ, ನಿಂತು ಕೆಲಸ ಮಾಡಲು ಬರುವಂತೆ ಎದೆಯ ಎತ್ತರಕ್ಕೆ, ಸಾಮಾನುಗಳನ್ನು ಸಿಕ್ಕಿಸುವ 35 ಮಿ.ಮೀ. ಪಟ್ಟಿ, ಅಂದರೆ ಡಿನ್ ರೈಲಿರುವ ಕಬ್ಬಿಣದ ಪೆಟ್ಟಿಗೆಯನ್ನು ಅರ್ಥಿಂಗ್ ಕೊಟ್ಟು ಕೂರಿಸು. ಕರೆಂಟು ಹೆಚ್ಚಾದರೆ ತಾನೇ ಆರುವ ಸ್ವಿಚ್ಚು, ಅದೇ ಎಂಸಿಬಿ, ಒಂದು ಪೋಲಿನದಕ್ಕೆ ಸುಮಾರು 18 ಮಿ.ಮೀ. ಅಗಲ ಬೇಕು, ಈಗ ಬೇಕಾದಷ್ಟನ್ನು ಎಣಿಸಿ, ಅದರ ಮೇಲೆ ಮೂರರಲ್ಲೊಂದು ಪಾಲು ಜಾಗ ಖಾಲಿ ಬಿಡು. 230 ವೋಲ್ಟಿನ ತಂತಿಗೂ 12, 24 ವೋಲ್ಟಿನ ತಂತಿಗೂ ಬೇರೆ ಬೇರೆ ಪೈಪು, ಪೆಟ್ಟಿಗೆಯೊಳಗೂ ನಡುವೆ ತಡಿಕೆ ಇರಲಿ. ವೈಫೈ ರೌಟರನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ಸಿಗ್ನಲ್ ಅಲ್ಲೇ ಉಳಿಯುತ್ತದೆ, ಅದು ಹೊರಗಿರಲಿ. ಪೈಪುಗಳು ಕೆಳಗಿನಿಂದ ಒಳಹೋಗಲಿ, ಬಳಸದ ತೂತುಗಳನ್ನು ಹಲ್ಲಿ ನುಗ್ಗದಂತೆ ಮುಚ್ಚಿಸು. ಪಂಪಿಗೆ ರಿಲೇ ಏನೇ ಮಾಡಿದರೂ ಕೈಯಿಂದ ಆರಿಸುವ ಸ್ವಿಚ್ ಒಂದಿರಲೇಬೇಕು, ಅದು ನಿನ್ನ ಅಪ್ಪನ ಕೈಗೂ ಎಟುಕಬೇಕು. ನಕ್ಷೆಯನ್ನು ಬಾಗಿಲಿನ ಒಳಮೈಗೆ ಅಂಟಿಸದೆ ವೈರಿಂಗಿನವನಿಗೆ ಕೊನೆಯ ಕಂತು ಕೊಡಬೇಡ.

ಇವತ್ತೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ನನಗೆ ಫೋಟೊ ಕಳಿಸು. ಆ ಗೋಡೆಯ ಆಚೆ ಮಗ್ಗುಲಿನಲ್ಲಿ ಏನಿದೆ ಎಂಬುದರ ಫೋಟೊವೂ ಬೇಕು.