ಸ್ಪಿಟ್‌ಫೈರ್ ಸ್ಟಿಕ್ ನಡುವಿನಲ್ಲಿ ನಿಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ, ದಾವಣಗೆರೆಯಿಂದ:
ನಮಸ್ಕಾರ ಸರ್. ಮನೆಯ ಫ್ಲೈಟ್ ಸಿಮ್ಯುಲೇಟರ್‌ಗೆಂದು ಎರಡನೇ ಮಹಾಯುದ್ಧ ಕಾಲದ ಸ್ಪಿಟ್‌ಫೈರ್ ವಿಮಾನದ ಸ್ಟಿಕ್ (ಪೈಲಟ್ ಹಿಡಿದು ವಿಮಾನ ತಿರುಗಿಸುವ ಕೋಲು) ಮಾಡುತ್ತಿದ್ದೇನೆ. ಹಳೆಯ ಸೈಕಲ್ ಪೈಪು, ಮೇಲೆ ಬಳೆಯಾಕಾರದ ಹಿಡಿ, ಬುಡದಲ್ಲಿ ಸ್ಟಿಕ್ ಎಷ್ಟು ತಿರುಗಿತೆಂದು ಅಳೆಯಲು ಎರಡು ಪೊಟೆನ್ಷಿಯೋಮೀಟರ್, ಆ ಅಳತೆಯನ್ನು ಕಂಪ್ಯೂಟರಿಗೆ ಕಳಿಸಲು ಆರ್ಡುಯಿನೊ ಲಿಯೊನಾರ್ಡೊ ಎಂಬ ಪುಟ್ಟ ಬೋರ್ಡು. ಕೈ ಬಿಟ್ಟರೆ ವಿಮಾನ ಎಡಕ್ಕೆ ವಾಲುತ್ತದೆ, ತೆರೆಯ ಮೇಲೆ ಗುರುತು ನಡುಗುತ್ತದೆ. ಡೆಡ್‌ಝೋನ್ (ನಡುವಿನ ಸಣ್ಣ ಚಲನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಲಯ) ಹೆಚ್ಚಿಸಿದರೆ ನಡುಕ ನಿಲ್ಲುತ್ತದೆ, ಆದರೆ ನವಿರಾಗಿ ತಿರುಗಿಸಲು ಬರುವುದಿಲ್ಲ.

ಉತ್ತರ, ಚಿತ್ರದುರ್ಗದಿಂದ:
ಡೆಡ್‌ಝೋನ್ ಅನ್ನು ಮೊದಲು ಸೊನ್ನೆಗೆ ತನ್ನಿ. ಅದು ದೋಷವನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ. ವಿಮಾನದ ಮಾಪಕಗಳನ್ನು ರಿಪೇರಿ ಮಾಡುತ್ತಿದ್ದ ವರ್ಷಗಳಲ್ಲಿ ನಾನು ತಂತಿಗೆ ಕೈ ಹಾಕುವ ಮುನ್ನ ಕೀಲನ್ನು ನೋಡುತ್ತಿದ್ದೆ. ನೀವೂ ಬುಡವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಹಿಡಿಯನ್ನು ಮೆಲ್ಲಗೆ ಅಲುಗಾಡಿಸಿ. ಬೆರಳಿಗೆ ‘ಟಕ್’ ಎಂದು ತಾಗಿದರೆ ಅಲ್ಲಿ ಸಡಿಲವಿದೆ. ಬೋಲ್ಟಿನ ಥ್ರೆಡ್ ಇರುವ ಭಾಗವೇ ರಂಧ್ರದೊಳಗೆ ತಿರುಗುತ್ತಿದ್ದರೆ ರಂಧ್ರ ಬೇಗ ಸವೆಯುತ್ತದೆ. 608 ಬೇರಿಂಗ್ ಹಾಕಿಸಿ: ಒಳಗೆ 8 ಮಿ.ಮೀ., ಹೊರಗೆ 22. ನಿಮ್ಮೂರಿನ ಯಾವ ಲೇತ್ ಅಂಗಡಿಯವರಾದರೂ ಕೂರಿಸಿ ಕೊಡುತ್ತಾರೆ.

ಎಡಕ್ಕೆ ವಾಲುವುದಕ್ಕೆ ಸ್ಪ್ರಿಂಗ್ ಕಾರಣವಿರಬಹುದು. ಎದುರುಬದುರಿನ ಎರಡೂ ಸ್ಪ್ರಿಂಗ್‌ಗಳು ಸ್ಟಿಕ್ ನಡುವಿನಲ್ಲಿದ್ದಾಗಲೂ ಸ್ವಲ್ಪ ಬಿಗಿಯಾಗಿಯೇ ಇರಬೇಕು.

ಇನ್ನು ಪೊಟೆನ್ಷಿಯೋಮೀಟರ್. ಅದು ಸುಮಾರು 300 ಡಿಗ್ರಿ ತಿರುಗುವಂಥದ್ದು. ನಿಮ್ಮ ಸ್ಟಿಕ್ ತಿರುಗುವುದು ಹೆಚ್ಚೆಂದರೆ 40. ಲಿಯೊನಾರ್ಡೊ ಕೊಡುವ 1024 ಹಂತಗಳಲ್ಲಿ ನಿಮ್ಮ ಪಾಲಿಗೆ ಬರುವುದು 136 ಮಾತ್ರ. ಒಂದೆರಡು ಹಂತ ಅತ್ತಿತ್ತ ಆದರೂ ಕಣ್ಣಿಗೆ ಬೀಳುತ್ತದೆ. ಎಎಸ್5600 ಎಂಬ ಹಾಲ್ ಸೆನ್ಸರ್ (ಆಯಸ್ಕಾಂತ ಎಷ್ಟು ತಿರುಗಿತೆಂದು ಮುಟ್ಟದೆಯೇ ಅಳೆಯುವ ಚಿಪ್) ಪೂರ್ಣ ಸುತ್ತಿಗೆ 4096 ಹಂತ ಕೊಡುತ್ತದೆ, ಅಂದರೆ 40 ಡಿಗ್ರಿಗೆ ಸುಮಾರು 455. ಉಜ್ಜುವ ಭಾಗವಿಲ್ಲದ ಕಾರಣ ಸವೆಯುವುದಿಲ್ಲ. ಇದಕ್ಕೆ ವ್ಯಾಸದ ಉದ್ದಕ್ಕೆ ಧ್ರುವಗಳಿರುವ ಆಯಸ್ಕಾಂತ ಬೇಕು. ಅಂಗಡಿಯ ಸಾಮಾನ್ಯ ಬಿಲ್ಲೆ ನಡೆಯದು. ಬೋರ್ಡು ಸೆನ್ಸರ್‌ಗಳನ್ನು ಗುರುತಿಸುವ ಐ2ಸಿ ವಿಳಾಸ ಎರಡಕ್ಕೂ ಒಂದೇ ಆಗಿರುವುದರಿಂದ ನಡುವೆ ಒಂದು ಮಲ್ಟಿಪ್ಲೆಕ್ಸರ್ (ಒಮ್ಮೆಗೆ ಒಂದನ್ನೇ ಜೋಡಿಸುವ ಚಿಪ್) ಹಾಕಿ.

ನನ್ನನ್ನು ಕಾಡಿದ್ದು ಬೇರೊಂದು ಮಾತು: ಎರಡೂ ಪೊಟೆನ್ಷಿಯೋಮೀಟರ್ ಬುಡದಲ್ಲಿವೆ ಎಂದಿರಿ, ಅಂದರೆ ಎರಡೂ ಕೀಲುಗಳು ಅಲ್ಲೇ ಇವೆ. ಸ್ಪಿಟ್‌ಫೈರ್‌ನಲ್ಲಿ ಹಾಗಿರಲಿಲ್ಲ. ಕಾಕ್‌ಪಿಟ್ ಅಷ್ಟು ಇಕ್ಕಟ್ಟಾಗಿತ್ತು; ಇಡೀ ಕಂಬ ಪಕ್ಕಕ್ಕೆ ವಾಲಿದರೆ ಪೈಲಟ್‌ನ ಕಾಲಿಗೆ ತಗುಲುತ್ತಿತ್ತು. ಹಾಗಾಗಿ ಹಿಂದೆ ಮುಂದೆ ಇಡೀ ಕಂಬ ಚಲಿಸಿದರೂ, ಎಡ ಬಲಕ್ಕೆ ಮೇಲಿನ ತುಂಡು ಮಾತ್ರ ವಾಲುತ್ತಿತ್ತು. ಆ ಚಲನೆಯನ್ನು ಕೆಳಕ್ಕೆ ಒಯ್ಯಲು ಒಂದು ಚೈನು ಇತ್ತು. ನಿಮಗೆ ಚೈನು ಬೇಡ, ಮೇಲಿನ ಕೀಲಿನಲ್ಲೇ ಸೆನ್ಸರ್ ಕೂರಿಸಿ. ಬಣ್ಣ, ಬಟನ್ ಎಷ್ಟೇ ಹೊಂದಿದರೂ ಈ ಕೀಲಿಲ್ಲದೆ ಅದು ಸ್ಪಿಟ್‌ಫೈರ್ ಹಿಡಿ ಅನ್ನಿಸುವುದಿಲ್ಲ. ನಮ್ಮ ವಾಯುಪಡೆಯೂ 1940ರ ದಶಕದಲ್ಲಿ ಹಾರಿಸಿದ ವಿಮಾನವದು. ಸರಿಯಾಗಿ ಮಾಡಿ ಎಂದು ಪ್ರೀತಿಯಿಂದ ಹೇಳುತ್ತಿದ್ದೇನೆ.

ಮರುಪ್ರಶ್ನೆ:
ಪೈಪನ್ನು ಯಾವ ಎತ್ತರದಲ್ಲಿ ಕತ್ತರಿಸಲಿ ಸರ್? ಹಿಂದೆ ಮುಂದಕ್ಕೂ ಎಡ ಬಲಕ್ಕೂ ಒಂದೇ ಬಗೆಯ ಸ್ಪ್ರಿಂಗ್ ಸಾಕೇ?

ಉತ್ತರ:
ಅಳತೆ ಕೇಳಬೇಡಿ, ನಿಮ್ಮ ಕುರ್ಚಿಯಲ್ಲೇ ಕುಳಿತು ಪೆಡಲ್ ಮೇಲೆ ಕಾಲಿಡಿ. ಪೈಪು ತೊಡೆಗಳ ನಡುವಿನಿಂದ ಮೇಲೆ ಬರುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಅದಕ್ಕಿಂತ ಎರಡು ಬೆರಳು ಮೇಲೆ ಕತ್ತರಿಸಿ. ಸ್ಪ್ರಿಂಗ್ ಒಂದೇ ಬಗೆಯದು ಬೇಡ. ಸ್ಪಿಟ್‌ಫೈರ್‌ನ ಮೂಗು ಎತ್ತಲು ಬೆರಳ ಬಲ ಸಾಕಿತ್ತು, ವೇಗ ಹೆಚ್ಚಾದಂತೆ ಪಕ್ಕಕ್ಕೆ ವಾಲಿಸುವುದು ಭಾರವಾಗುತ್ತಿತ್ತು. ಹಿಂದೆ ಮುಂದಿನದಕ್ಕೆ ಮೆದು ಸ್ಪ್ರಿಂಗ್, ಎಡ ಬಲಕ್ಕೆ ಗಡಸು.