ಲಿನಕ್ಸ್ ಡ್ರೈವರ್ ಮಾಡ್ಯೂಲ್ ಲೋಡ್ ಆಗುತ್ತದೆ, ಪ್ರೋಬ್ ಮಾತ್ರ ಆಗುವುದಿಲ್ಲ: ನಿಮಗೆ ಹೀಗಾಗಿತ್ತಾ?

ಪೆರ್ಲದಿಂದ ಪ್ರಶ್ನೆ: ಅಡಿಕೆ ತೋಟದ ಪಂಪಿಗೆ ಟೈಮರ್ ಮಾಡುತ್ತಿದ್ದೇನೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ರಾಸ್‌ಬೆರಿ ಪೈ (ಲಿನಕ್ಸ್ ಓಡುವ ಪುಟ್ಟ ಕಂಪ್ಯೂಟರ್) ಸಮಯ ಮರೆಯುತ್ತದೆ, ಅದಕ್ಕೆ ಅದರ ಐ2ಸಿ ಬಸ್ಸಿಗೆ (ಚಿಪ್ಪುಗಳನ್ನು ಜೋಡಿಸುವ ಎರಡು ತಂತಿಯ ದಾರಿ) ಡಿಎಸ್3231 ಗಡಿಯಾರ ಚಿಪ್ ಹಾಕಿದೆ. ಕಲಿಯುವ ಆಸೆ, ಚಿಪ್ ನಡೆಸುವ ಡ್ರೈವರ್ ಪ್ರೋಗ್ರಾಂ ನಾನೇ ಬರೆದೆ. ಇನ್ಸ್‌ಮಾಡ್ (ಮಾಡ್ಯೂಲನ್ನು ಕರ್ನಲ್ಲಿಗೆ, ಅಂದರೆ ಲಿನಕ್ಸಿನ ತಿರುಳಿಗೆ, ಸೇರಿಸುವ ಕಮಾಂಡ್) ಆಗುತ್ತದೆ, ಎರರ್ ಇಲ್ಲ, ಆದರೆ ಪ್ರೋಬ್ (ಚಿಪ್ ಜೊತೆ ಜೋಡಿ ಆದಾಗ ಕರ್ನಲ್ ಕರೆಯುವ ಫಂಕ್ಷನ್) ಒಳಗಿನ ಪ್ರಿಂಟ್ ಬರುವುದೇ ಇಲ್ಲ. ಅನುಭವ ಇದ್ದವರು ಹೇಳಿ.

ಬದಿಯಡ್ಕದಿಂದ: ಇದೇ ಗೋಳಿನಲ್ಲಿ ನನಗೆ ಎರಡು ರಾತ್ರಿ ಹೋಗಿದೆ. ಇನ್ಸ್‌ಮಾಡ್ ಆಯಿತು ಅಂದ್ರೆ ಡ್ರೈವರ್ ಹೆಸರು ಬಸ್ಸಿನ ಪಟ್ಟಿಗೆ ಸೇರಿತು, ಅಷ್ಟೇ. ಚಿಪ್ಪನ್ನು ಹುಡುಕುವುದು ಡ್ರೈವರ್ ಅಲ್ಲ ಮಾರಾಯ್ರೆ, ಜೋಡಿ ಕೂಡಿಸುವುದು ಬಸ್ಸಿನ ಕೆಲಸ. ಪಿಸಿಐ, ಯುಎಸ್‌ಬಿ ಆದ್ರೆ ಸಾಧನವೇ ತನ್ನ ಐಡಿ ಹೇಳುತ್ತದೆ. ಐ2ಸಿಯಲ್ಲಿ ಆ ಏರ್ಪಾಡೇ ಇಲ್ಲ. ಹೆಕ್ಸ್ 68 ವಿಳಾಸದಲ್ಲಿ ಇಂಥ ಚಿಪ್ ಇದೆ ಅಂತ ಡಿವೈಸ್ ಟ್ರೀಯಲ್ಲಿ (ಬೋರ್ಡಿನಲ್ಲಿರುವ ಸಾಧನಗಳ ವಿವರ ಪಟ್ಟಿ) ನಾವೇ ಬರೆದುಕೊಡಬೇಕು, ಅಲ್ಲಿನ ಕಂಪ್ಯಾಟಿಬಲ್ ಹೆಸರೂ ಡ್ರೈವರಿನ ಟೇಬಲ್ಲಿನ ಹೆಸರೂ ಅಕ್ಷರಶಃ ಒಂದೇ ಇರಬೇಕು. ನಾನು ಕಂಪನಿ ಹೆಸರಿನ ನಂತರ ಕಾಮಾ ಇಡುವ ಜಾಗದಲ್ಲಿ ಹೈಫನ್ ಹಾಕಿದ್ದೆ. ಕಂಪೈಲರ್ ತುಟಿ ಬಿಚ್ಚಲಿಲ್ಲ.

ಕುಂಬಳೆಯಿಂದ: ಅದಕ್ಕೂ ಮೊದಲು ಐ2ಸಿ-ಡಿಟೆಕ್ಟ್ (ಬಸ್ಸಿನ ಯಾವ ವಿಳಾಸದಲ್ಲಿ ಚಿಪ್ ಇದೆ ಅಂತ ತೋರಿಸುವ ಕಮಾಂಡ್) ಓಡಿಸಿ ನೋಡಿ. 68 ಅಂತ ಕಂಡರೆ ವೈರಿಂಗ್ ಸರಿ ಇದೆ, ಚಿಪ್ ಖಾಲಿ ಕೂತಿದೆ. ಅಲ್ಲಿ ‘ಯುಯು’ ಅಂತ ಕಂಡರೆ ಬೇರೆ ಡ್ರೈವರ್ ಆಗಲೇ ಹಿಡಿದುಕೊಂಡಿದೆ. ಈ ಚಿಪ್ಪಿಗೆ ಕರ್ನಲ್ಲಿನಲ್ಲೇ ಆರ್‌ಟಿಸಿ-ಡಿಎಸ್1307 ಡ್ರೈವರ್ ಇದೆ. ಅದು ಕೂತಿದ್ದರೆ ನಿಮ್ಮ ಪ್ರೋಬನ್ನು ಯಾರೂ ಕರೆಯುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ಲಿನ ಸಾಧನ, ಡ್ರೈವರ್‌ಗಳನ್ನು ಫೈಲುಗಳಾಗಿ ತೋರಿಸುವ ಜಾಗ) ಆ ಡ್ರೈವರಿನ ಅನ್‌ಬೈಂಡ್ ಫೈಲಿಗೆ 1-0068 (ಬಸ್ 1, ವಿಳಾಸ 68) ಅಂತ ಬರೆದು ಬಿಡಿಸಿ. ಬಿಡಿಸಿದ ಮೇಲೆ ಸುಮ್ನೆ ಕಾದರೆ ಆಗದು, ನಿಮ್ಮ ಮಾಡ್ಯೂಲ್ ತೆಗೆದು ಮತ್ತೆ ಹಾಕಬೇಕು.

ಮಂಜೇಶ್ವರದಿಂದ: ಪ್ರೋಬ್ ಶುರುವಾದ ಮೇಲೆ -517 ಎಂಬ ಎರರ್ ನಂಬರ್ ಕಂಡರೆ ಗಾಬರಿ ಬೇಡ. ಬೇಕಾದ ರೆಗ್ಯುಲೇಟರೋ (ವಿದ್ಯುತ್ ಪೂರೈಕೆ) ಜಿಪಿಐಒನೋ (ಬೋರ್ಡಿನ ಪಿನ್) ಇನ್ನೂ ತಯಾರಿಲ್ಲ, ಆಮೇಲೆ ಕರೆಯಿರಿ ಅಂತ ಅರ್ಥ. 2012ರ 3.4 ಕರ್ನಲ್ಲಿನಿಂದ ಈ ಸೌಲಭ್ಯ ಇದೆ. ಬೇರೆ ಯಾವುದಾದರೂ ಡ್ರೈವರ್ ಸರಿಯಾಗಿ ಕೂತ ಕೂಡಲೇ ಕಾಯುತ್ತಿರುವವುಗಳನ್ನು ಕರ್ನಲ್ ಮತ್ತೆ ಕರೆಯುತ್ತದೆ. ಹಾಗಾಗಿ ಒಂದೇ ಪ್ರೋಬ್ ನಾಲ್ಕೈದು ಸಲ ಓಡಬಹುದು, ಅರ್ಧದಲ್ಲಿ ಬಿಟ್ಟ ಐಆರ್‌ಕ್ಯು (ಚಿಪ್ ಪ್ರೊಸೆಸರನ್ನು ಎಚ್ಚರಿಸುವ ಇಂಟರಪ್ಟ್ ಲೈನ್) ಮುಂದಿನ ಸಲ ಕಾಡುತ್ತದೆ. ದಯವಿಟ್ಟು ಮೊದಲಿಂದಲೇ ‘ಡೆವ್‌ಎಮ್’ ಫಂಕ್ಷನ್‌ಗಳನ್ನೇ ಬಳಸಿ, ಪ್ರೋಬ್ ಸೋತರೆ ಅವುಗಳಿಂದ ಪಡೆದದ್ದೆಲ್ಲ ತಾನೇ ಬಿಡುಗಡೆ ಆಗುತ್ತದೆ. ಇನ್ನೊಂದು, ಚೈಲ್ಡ್ ಡಿವೈಸ್ (ನಿಮ್ಮ ಸಾಧನದ ಕೆಳಗಿನ ಉಪಸಾಧನ) ರಿಜಿಸ್ಟರ್ ಮಾಡಿದ ಮೇಲೆ -517 ಕೊಡಲೇಬೇಡಿ. ಪ್ರೋಬ್ ಕೊನೆಯಿಲ್ಲದೆ ಸುತ್ತುವ ಅಪಾಯ ಇದೆ.

ಪೆರ್ಲದಿಂದ: ಯುಯು ಇತ್ತು! ಹಿಂದೊಮ್ಮೆ ಕಾನ್ಫಿಗ್ ಫೈಲಿನಲ್ಲಿ ಆರ್‌ಟಿಸಿ ಓವರ್‌ಲೇ ಸಾಲು (ಗಡಿಯಾರ ಚಿಪ್ಪನ್ನು ಡಿವೈಸ್ ಟ್ರೀಗೆ ಸೇರಿಸುವಂಥದ್ದು) ಹಾಕಿ ಮರೆತಿದ್ದೆ. ಅನ್‌ಬೈಂಡ್ ಮಾಡಿ ಮಾಡ್ಯೂಲ್ ಮತ್ತೆ ಹಾಕಿದೆ, ಪ್ರಿಂಟ್ ಬಂತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡೆವ್‌ಎಮ್‌ಗೆ ಬದಲಾಯಿಸುವುದು ಇವತ್ತು ಸಂಜೆ.