ಇಮೇಲ್ ಲಗತ್ತುಗಳು: ಪ್ರಶ್ನೋತ್ತರ

ಸಂಘದ ಕಾರ್ಯದರ್ಶಿ: ಸ್ಮರಣ ಸಂಚಿಕೆಯ ವರ್ಡ್ ಕಡತವನ್ನು ಮುದ್ರಣಾಲಯಕ್ಕೆ ಇಮೇಲ್ ಮಾಡಿದ್ದೆ. ಅಲ್ಲಿ ಕನ್ನಡದ ಬದಲು, ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತಿವೆಯಂತೆ. ಕಡತ ಕೆಟ್ಟಿದೆಯೇ?

ತಂತ್ರಜ್ಞ: ಕೆಟ್ಟಿಲ್ಲ. ನೀವು ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಬೆರಳಚ್ಚು ಮಾಡಿರುವಂತಿದೆ. ಅದು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತದೆ; ಆ ಫಾಂಟ್ ಇಲ್ಲದ ಗಣಕದಲ್ಲಿ ವೇಷ ಕಳಚಿ ಮೂಲ ಸಂಕೇತಗಳೇ ಹೊರಬೀಳುತ್ತವೆ. ಪಿಡಿಎಫ್ ಮಾಡಿ ಕಳುಹಿಸಿ, ಆದರೆ ಕಳುಹಿಸುವ ಮೊದಲು ಅಡೋಬಿ ರೀಡರ್‌ನ ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ಪಟ್ಟಿ ತೆರೆದು, ಪ್ರತಿ ಹೆಸರಿನ ಮುಂದೆಯೂ ‘ಎಂಬೆಡೆಡ್’ (ಫಾಂಟ್ ಕಡತದೊಳಗೇ ಸೇರಿದೆ) ಎಂದಿದೆಯೇ ನೋಡಿಕೊಳ್ಳಿ. ತಿದ್ದುಪಡಿಯನ್ನು ಮುದ್ರಣಾಲಯದವರೇ ಮಾಡುವುದಾದರೆ, ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ಗೆ ಪರಿವರ್ತಿಸಿದ ವರ್ಡ್ ಪ್ರತಿಯನ್ನೂ ಜೊತೆಗಿಡಿ. ಇಡೀ ಕಡತವನ್ನು ಒಂದೇ ಸಲಕ್ಕೆ ಪರಿವರ್ತಕಕ್ಕೆ ಸುರಿದರೆ ನಡುವೆ ಇರುವ ಇಂಗ್ಲಿಷ್ ಹೆಸರುಗಳೂ ಇಮೇಲ್ ವಿಳಾಸಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಪರಿವರ್ತನೆಯಲ್ಲಿ ಸ್ಥಾನ ತಪ್ಪಬಹುದಾದ ಅರ್ಕಾವತ್ತನ್ನೂ ಕಣ್ಣಿಟ್ಟು ಓದಿ.

ಸದಸ್ಯ 1: ಯೂನಿಕೋಡ್ ಕೊಟ್ಟರೆ ನಮ್ಮ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ಅಕ್ಷರವೇ ಮೂಡುವುದಿಲ್ಲ. ನುಡಿಯಲ್ಲೇ ಕೊಡಲಿ.

ಸದಸ್ಯ 2: ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದೇ ಎರಡು ದಶಕ ಕಳೆದಿದೆ. ಊರೆಲ್ಲ ನಿಮಗಾಗಿ ಹಿಂದಕ್ಕೆ ನಡೆಯಬೇಕೇ?

ಸದಸ್ಯ 1: ಹೊಸ ತಂತ್ರಾಂಶಕ್ಕೆ ತಾವು ಹಣ ಕೊಡುವುದಾದರೆ ನಾಳೆಯೇ ಬದಲಿಸುತ್ತೇನೆ.

ಸದಸ್ಯ 3: ನಮ್ಮ ಕಚೇರಿಯ ಇಮೇಲ್ ಮಿತಿ 25 ಎಂಬಿ. 20 ಎಂಬಿ ಕಡತ ಏಕೆ ಹಿಂದಿರುಗಿತು?

ತಂತ್ರಜ್ಞ: ಲಗತ್ತು ಸಾಗುವಾಗ ಅಕ್ಷರರೂಪ ತಾಳಿ ಸುಮಾರು ಮೂರನೆಯ ಒಂದು ಪಾಲು ಹಿಗ್ಗುತ್ತದೆ, 20 ಎಂಬಿ 27ರ ಹತ್ತಿರ ಹೋಗುತ್ತದೆ. ಕಡತವನ್ನು ಗೂಗಲ್ ಡ್ರೈವ್‌ಗೆ ಏರಿಸಿ ಅದರ ಕೊಂಡಿ ಕಳುಹಿಸಿ.

ಸದಸ್ಯ 4: ನನ್ನದು 21 ಎಂಬಿ. ಅದೂ ಹೋಗುತ್ತಿಲ್ಲ.

ತಂತ್ರಜ್ಞ: ಮೇಲಿನ ಉತ್ತರ ಓದಿ.

ಸದಸ್ಯ 5: ಆಧಾರ್ ಪ್ರತಿಯ ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕುವುದು ಹೇಗೆ?

ಸದಸ್ಯ 6: ಒಂದು ಉಪಯುಕ್ತ ಫಾರ್ವರ್ಡ್: ಲಗತ್ತನ್ನು ಜಿಪ್ ಮಾಡಿ ಬಿಚ್ಚಿದರೆ ಅದರಲ್ಲಿನ ವೈರಸ್ ಸಾಯುತ್ತದೆಯಂತೆ.

ತಂತ್ರಜ್ಞ: ಸಾಯುವುದಿಲ್ಲ. ಜಿಪ್ ಎಂಬುದು ಚೀಲ, ಸಾಬೂನಲ್ಲ. ಇಂಥದ್ದನ್ನು ನಂಬಿದವರೇ ‘ಮದುವೆಯ ಕರೆಯೋಲೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದ ಕಡತವನ್ನೂ ಒತ್ತುತ್ತಾರೆ. ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಕರೆಯೋಲೆಯಲ್ಲ, ನಿಮ್ಮ ಫೋನಿನೊಳಗೆ ಇಳಿದು ಕೂರುವ ಆ್ಯಪ್. ಈಗಾಗಲೇ ಹಣ ಹೋಗಿದ್ದರೆ ಇಲ್ಲಿ ಬರೆಯುತ್ತ ಕೂರದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸದಸ್ಯ 6: ಬಂದದ್ದನ್ನು ಹಂಚಿಕೊಂಡೆ, ಅಷ್ಟೆ. ಇಷ್ಟು ಖಾರ ಬೇಕಿರಲಿಲ್ಲ.

ಸದಸ್ಯ 2: ಹಂಚುವ ಮೊದಲು ಓದಬಹುದಿತ್ತು.

ಸಂಘದ ಕಾರ್ಯದರ್ಶಿ: ಪಿಡಿಎಫ್ ಮಾಡಿದೆ. ಎರಡು ಫಾಂಟ್‌ಗಳ ಮುಂದೆ ‘ಎಂಬೆಡೆಡ್’ ಎಂದಿದೆ, ಶೀರ್ಷಿಕೆಗಳಿಗೆ ಬಳಸಿದ ಮೂರನೆಯದರ ಮುಂದೆ ಇಲ್ಲ.

ತಂತ್ರಜ್ಞ: ಹಾಗಾದರೆ ಕಳುಹಿಸಬೇಡಿ. ಶೀರ್ಷಿಕೆಗಳ ಫಾಂಟ್ ಬದಲಿಸಿ, ಪಿಡಿಎಫ್ ಮತ್ತೆ ಮಾಡಿ.